ಮೂರನೆಯ ಲಕೋಟೆಯಲ್ಲಿ ಸುಕ್ಕಿರಲಿಲ್ಲ

“ಒಳಗಿರೋದನ್ನ ಈಗ ಓದಬೇಡಿ,” ಎಂದಳು ಬನಶಂಕರಿ. “ಹೊರಗಡೆ ಮಾತ್ರ ನೋಡಿ. ಬರೀ ಕವರ್.”

ವಿಶಾಲಾಕ್ಷಿ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಪರ್ತಿನ ವಿಲೆಟನ್ ಬಡಾವಣೆಯ ಅವಳ ಮನೆಯ ಅಡುಗೆಕಟ್ಟೆಯ ಮೇಲೆ ಮೂರು ಬಿಳಿ ಲಕೋಟೆಗಳು ಸಾಲಾಗಿ ಬಿದ್ದಿದ್ದವು. ಮೊದಲನೆಯದಕ್ಕೆ ಅಡಿಲೇಡಿನ ಅಂಚೆಮುದ್ರೆ, ಎರಡನೆಯದಕ್ಕೆ ಪರ್ತಿನದು, ನಿನ್ನೆ ಬಂದ ಮೂರನೆಯದಕ್ಕೆ ಬ್ರಿಸ್ಬೇನಿನದು. ಮೂರರ ಮೇಲೂ ಕಳಿಸಿದವರ ಹೆಸರಿನ ಜಾಗದಲ್ಲಿ ಒಂದೇ ಹೆಸರು: ಶರಣ್ಯಾ.

ಶರಣ್ಯಾ ವಿಶಾಲಾಕ್ಷಿಯ ಒಬ್ಬಳೇ ಮಗಳು. ಅಡಿಲೇಡಿನಲ್ಲಿ ಓದುತ್ತಿದ್ದವಳು ಅಲ್ಲಿಯ ಕಡಲತೀರದ ಬಡಾವಣೆ ಗ್ಲೆನೆಲ್ಗ್‌ನ ಜೆಟ್ಟಿಯ ಪಕ್ಕ ಸಮುದ್ರದ ಪಾಲಾಗಿ ಎರಡು ವರ್ಷವಾಗಿತ್ತು.

ಒಳಗಿದ್ದ ಹಾಳೆಗಳನ್ನು ಬನಶಂಕರಿ ಆಗಲೇ ಓದಿದ್ದಳು. ಒಂದೊಂದರಲ್ಲೂ ಒಂದೊಂದೇ ಸಾಲು, ಕನ್ನಡದಲ್ಲಿ, ಕಂಪ್ಯೂಟರ್ ಅಕ್ಷರ.

‘ಅಮ್ಮಾ, ನೀರು ತಣ್ಣಗಿತ್ತು.’

‘ಅಮ್ಮಾ, ನಿನಗೆ ಫೋನ್ ಮಾಡಿದ್ದೆ.’

‘ಅಮ್ಮಾ, ನನ್ನ ಹೆಸರು ನೋಡಿಯೇ ನೀನು ಫೋನನ್ನು ಬೋರಲು ಹಾಕಿದೆ.’

ಮೂರನೆಯದನ್ನು ಓದಿದ ಮೇಲೆ ವಿಶಾಲಾಕ್ಷಿ ಏನೂ ತಿಂದಿರಲಿಲ್ಲ. ಹದಿನೈದು ವರ್ಷ ವಿಮಾ ಕಂಪನಿಗಳ ಪರವಾಗಿ ಸುಳ್ಳು ಕ್ಲೇಮುಗಳನ್ನು ಬಯಲಿಗೆಳೆದು, ಈಗ ಪರ್ತಿನಲ್ಲಿ ಸ್ವಂತವಾಗಿ ಪತ್ತೇದಾರಿಕೆ ನಡೆಸುತ್ತಿದ್ದ ಬನಶಂಕರಿಗೆ ಹಸಿದವರ ಮುಂದೆ ಕೂತು ಪ್ರಶ್ನೆ ಕೇಳುವುದು ಹೊಸದಲ್ಲ. ಹಸಿದವರು ಬೇಗ ನಿಜ ಹೇಳುತ್ತಾರೆ ಎಂಬುದು ಅವಳ ಅನುಭವ.

“ಮೊದಲನೇದು ನೋಡಿ,” ಎಂದಳು. “ಅಡ್ರೆಸ್ ಮೂಲೆಗೆ ಹೋಗಿದೆ. ಶರಣ್ಯಾ ಅನ್ನೋದರಲ್ಲಿ ಮೊದಲ ಅಕ್ಷರವೇ ಇಲ್ಲ. ಪ್ರಿಂಟರ್‌ಗೆ ಕವರ್ ಅಂತ ಹೇಳಿಲ್ಲ, ಅದು ಎ-ಫೋರ್ ಹಾಳೆ ಅಂದ್ಕೊಂಡಿದೆ. ಮಾಡಿದೋರಿಗೆ ಇದು ಹೊಸ ಕೆಲಸ.”

“ಹ್ಞೂಂ.”

“ಎರಡನೇದರಲ್ಲಿ ಅಳತೆ ಸರಿಯಾಗಿದೆ. ಅಡ್ರೆಸ್ ನಡುವೆ ಕೂತಿದೆ. ಆದರೆ ಕವರ್ ಪೂರ್ತಿ ಸುಕ್ಕು. ಬಿಸಿಗೆ ಗೋಂದು ಕರಗಿ ಮುಚ್ಚಳ ತಾನಾಗೇ ಅಂಟಿಕೊಂಡಿತ್ತು. ಬ್ಲೇಡಲ್ಲಿ ಬಿಡಿಸಿ, ಪೇಪರ್ ತೂರಿಸಿ, ಮೇಲೆ ಟೇಪ್ ಹಾಕಿದಾರೆ. ಮೂರನೇದು?”

ವಿಶಾಲಾಕ್ಷಿ ನೋಡಿದಳು. ಮೂರನೆಯದು ಆಫೀಸಿನಿಂದ ಬಂದಂತಿತ್ತು. ಒಂದು ಸುಕ್ಕಿಲ್ಲ. ಅಕ್ಷರಗಳು ನೇರ, ಕಪ್ಪಗೆ, ಉಜ್ಜಿದರೂ ಉದುರದ ಹಾಗೆ.

“ಈಗ ಇಲ್ಲಿ.” ಬನಶಂಕರಿ ಪೆನ್ನಿನ ತುದಿಯಿಂದ ತೋರಿಸಿದಳು. ಮೂರರ ಮೇಲೂ ಬಲಗಡೆ ಅಂಚಿನಲ್ಲಿ ಜೀರಿಗೆಯಷ್ಟು ಒಂದು ಬೂದು ಗುರುತು. ಸ್ವಲ್ಪ ದೂರಕ್ಕೆ ಮತ್ತೆ ಅದೇ ಗುರುತು, ಮೂರರಲ್ಲೂ ಅಂತರ ಒಂದೇ. “ಲೇಸರ್ ಪ್ರಿಂಟರ್. ಒಳಗಿರೋ ಡ್ರಮ್ ಮೇಲೆ ಗೀರು ಬಿದ್ದಿದೆ. ಡ್ರಮ್ ಒಂದು ಸುತ್ತು ಬಂದಾಗಲೆಲ್ಲ ಒಂದು ಚುಕ್ಕೆ. ಊರು ಮೂರಾದ್ರೂ ಪ್ರಿಂಟರ್ ಒಂದೇ.”

“ಒಬ್ಬರೇ?”

“ಮಾಡಿದ್ದು ಒಬ್ಬರೇ. ಆದರೆ ಎರಡನೇದಾದ ಮೇಲೆ ಯಾರನ್ನೋ ಕೇಳಿ ಕಲಿತಿದಾರೆ. ಹಿಂದಿನ ಮುಚ್ಚಳ ತೆಗೆದು, ಒಳಗಿರೋ ಎರಡು ಹಸಿರು ಲಿವರ್ ಕೆಳಗೆ ತಳ್ಳದೆ ಹೋದರೆ ಈ ಥರ ಬರಲ್ಲ.”

“ನೀಲಿ,” ಎಂದಳು ವಿಶಾಲಾಕ್ಷಿ.

“ಏನು?”

“ಲಿವರ್. ಹಸಿರಲ್ಲ. ನೀಲಿ.”

ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಅವಳಿಗೇ ಅರ್ಥವಾಯಿತು. ಕಟ್ಟೆಯ ಅಂಚನ್ನು ಹಿಡಿದುಕೊಂಡಳು. ಬನಶಂಕರಿ ಸ್ಟೂಲು ಎಳೆದು ಕೊಡಲಿಲ್ಲ, ನೀರೂ ಕೊಡಲಿಲ್ಲ. ಕಾದಳು.

“ನಾನೇ ಹೇಳಿಕೊಟ್ಟೆ,” ಎಂದಳು ವಿಶಾಲಾಕ್ಷಿ. “ನಾನು ಕೆಲಸ ಮಾಡೋ ಕ್ಲಿನಿಕ್ಕಲ್ಲಿ ದಿನಾ ಕವರ್ ಪ್ರಿಂಟ್ ಮಾಡ್ತೀವಿ. ಅದಕ್ಕೇ ನನ್ನ ಕೇಳಿದಳು. ಹೋದ ತಿಂಗಳು ವಿಡಿಯೋ ಕಾಲ್ ಮಾಡಿ, ‘ಅತ್ತಿಗೆ, ಅರಿಶಿನ ಕುಂಕುಮಕ್ಕೆ ಎಲ್ಲರಿಗೂ ಕಾರ್ಡ್ ಕಳಿಸ್ತಿದೀನಿ, ಕವರೆಲ್ಲ ಸುಕ್ಕಾಗಿ ಬರ್ತಿದೆ, ಏನು ಮಾಡ್ಲಿ?’ ಅಂದಳು.”

“ಯಾರು?”

“ಅಪರ್ಣಾ. ನಮ್ಮೆಜಮಾನರ ತಂಗಿ. ಇಲ್ಲೇ ಹ್ಯಾರಿಸ್‌ಡೇಲಲ್ಲಿದಾಳೆ.” ಅವಳು ಮೂರನೆಯ ಲಕೋಟೆಯನ್ನು ದೂರ ಸರಿಸಿದಳು. “ಹಿಂದಿನ ಮುಚ್ಚಳ ತೆಗಿ ಅಂದೆ. ಲಿವರ್ ಎರಡನ್ನೂ ಒತ್ತು, ಬಿಸಿ ರೋಲರಿನ ಒತ್ತಡ ಕಡಿಮೆ ಆಗುತ್ತೆ ಅಂದೆ. ಒಂದೊಂದೇ ಹಾಕು, ಅಂಚನ್ನ ಉಗುರಲ್ಲಿ ಚೆನ್ನಾಗಿ ಒತ್ತು ಅಂದೆ. ‘ಎಷ್ಟು ನೀಟಾಗಿ ಬಂತು ಅತ್ತಿಗೆ!’ ಅಂತ ಕುಣಿದಳು. ಇಬ್ಬರೂ ನಕ್ವಿ, ಬನಶಂಕರಿಯವರೇ. ಶರಣ್ಯಾ ಹೋದ ಮೇಲೆ ನಾನು ನಕ್ಕಿದ್ದು ಅದೇ ಮೊದಲು.”

“ಅರಿಶಿನ ಕುಂಕುಮಕ್ಕೆ ನಿಮಗೆ ಕಾರ್ಡ್ ಬಂತಾ?”

“ಇಲ್ಲ.”

“ಇದು ಬಂತು,” ಎಂದು ಬನಶಂಕರಿ ಮೂರನೆಯ ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡಳು. “ನಡೀರಿ, ಹೋಗೋಣ. ಡಾಕ್ಟರಿಗೆ, ನಿಮ್ಮ ಯಜಮಾನರಿಗೆ, ಫೋನ್ ಮಾಡಿ ಹೇಳ್ತೀರಾ?”

“ಬೇಡ. ಕಾನ್ಫರೆನ್ಸ್‌ಗೆ ಹೋಗಿದಾರೆ. ತಂಗಿ ಅಂದರೆ ಅವರಿಗೆ ಪ್ರಾಣ. ಬಂದ ಮೇಲೆ ನಾನೇ ನಿಧಾನವಾಗಿ ಹೇಳ್ತೀನಿ.”

*

ಹ್ಯಾರಿಸ್‌ಡೇಲಿನ ಆ ಬೀದಿಯ ಮನೆಗಳೆಲ್ಲ ಒಂದೇ ಅಚ್ಚಿನಲ್ಲಿ ತೆಗೆದಂತಿದ್ದವು. ಅಪರ್ಣಾ ಬಾಗಿಲು ತೆರೆದಾಗ ಕೈಯಲ್ಲಿ ಒಗೆದ ಬಟ್ಟೆಯ ಬುಟ್ಟಿಯಿತ್ತು. ಅವಳ ಗಂಡ ರಾಜೇಶ ಭೂವಿಜ್ಞಾನಿ, ಉತ್ತರದ ಗಣಿಯಲ್ಲಿ ಎರಡು ವಾರದ ಪಾಳಿಯಲ್ಲಿದ್ದ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

“ಅತ್ತಿಗೆ! ಫೋನ್ ಮಾಡಿ ಬರಬಾರದಾ? ಕಾಫಿಗೆ ಹಾಲೂ ಇಲ್ಲ.” ಅವಳ ಕಣ್ಣು ಬನಶಂಕರಿಯ ಮೇಲೆ ನಿಂತಿತು. “ಇವರು?”

“ನಂಗೆ ಒಂದು ಕವರ್ ಪ್ರಿಂಟ್ ಆಗಬೇಕಿತ್ತು,” ಎಂದಳು ಬನಶಂಕರಿ. “ನಿಮ್ಮ ಪ್ರಿಂಟರಲ್ಲಿ ಚೆನ್ನಾಗಿ ಬರುತ್ತೆ ಅಂತ ಕೇಳಿದೆ.”

“ಇಂಕ್ ಖಾಲಿಯಾಗಿದೆ.”

“ಲೇಸರ್‌ಗೆ ಇಂಕ್ ಹಾಕಲ್ಲ.”

ಅಪರ್ಣಾ ಬುಟ್ಟಿಯನ್ನು ಕೆಳಗಿಟ್ಟಳು. ಹೊರಗೆ ಹೋಗಿ ಎನ್ನಲು ಬಾಯಿ ತೆರೆದವಳು ಅತ್ತಿಗೆಯ ಮುಖ ನೋಡಿ ದಾರಿ ಬಿಟ್ಟಳು.

ಪ್ರಿಂಟರ್ ಊಟದ ಮನೆಯ ಮೂಲೆಯ ಮೇಜಿನ ಮೇಲಿತ್ತು, ಪಕ್ಕದಲ್ಲೇ ತೆರೆದ ಲ್ಯಾಪ್‌ಟಾಪ್. ಬನಶಂಕರಿ ಚೀಲದಿಂದ ಹೊಸ ಲಕೋಟೆಯೊಂದನ್ನು ತೆಗೆದು ಮುಂದಿನ ಸಂದಿಗೆ ತೂರಿಸಿದಳು. ಯಾವುದೋ ಹೆಸರು ಟೈಪ್ ಮಾಡಿ ಒತ್ತಿದಳು. ಯಂತ್ರ ಗೊರಗುಟ್ಟಿ ಲಕೋಟೆಯನ್ನು ಒಳಗೆಳೆದುಕೊಂಡು ಅರ್ಧದಲ್ಲೇ ನಿಂತಿತು. ಕೆಂಪು ದೀಪ ಮಿನುಗತೊಡಗಿತು.

“ಸಿಕ್ಕಿಹಾಕ್ಕೊಂಡಿತು,” ಎಂದಳು ಅಪರ್ಣಾ. ಅವಳ ದನಿಯಲ್ಲಿ ಸಮಾಧಾನವಿತ್ತು. “ಹಳೇದು. ಹಾಗೇ ಮಾಡುತ್ತೆ.”

ವಿಶಾಲಾಕ್ಷಿ ಇಬ್ಬರನ್ನೂ ಸರಿಸಿ ಮುಂದೆ ಬಂದಳು. ಪ್ರಿಂಟರನ್ನು ತಿರುಗಿಸಿ ಹಿಂದಿನ ಮುಚ್ಚಳ ತೆರೆದಳು. ಮುದ್ದೆಯಾಗಿದ್ದ ಲಕೋಟೆಯನ್ನು ಹರಿಯದ ಹಾಗೆ ಎರಡೂ ಕೈಯಿಂದ ಎಳೆದು ತೆಗೆದಳು. ಎರಡು ನೀಲಿ ಲಿವರುಗಳನ್ನು ಕೆಳಗೆ ಒತ್ತಿದಳು. ಇನ್ನೊಂದು ಲಕೋಟೆ ತೆಗೆದುಕೊಂಡು ಅಂಚಿನುದ್ದಕ್ಕೂ ಹೆಬ್ಬೆರಳ ಉಗುರು ಎಳೆದಳು. ಅಳತೆ ಬದಲಾಯಿಸಿದಳು. ಇದನ್ನೆಲ್ಲ ಮಾಡುವಾಗ ಅವಳು ಒಮ್ಮೆಯೂ ಅಪರ್ಣಾಳ ಕಡೆ ನೋಡಲಿಲ್ಲ.

ಲಕೋಟೆ ಹಿಂದಿನ ಬಾಯಿಂದ ನೇರವಾಗಿ, ಬಿಸಿಬಿಸಿಯಾಗಿ ಹೊರಬಂತು. ಬನಶಂಕರಿ ಅದನ್ನು ಮೂರನೆಯದರ ಪಕ್ಕದಲ್ಲಿಟ್ಟಳು. ಬಲಗಡೆ ಅಂಚಿನಲ್ಲಿ ಜೀರಿಗೆಯಷ್ಟು ಬೂದು ಗುರುತು. ಅಷ್ಟೇ ಅಂತರಕ್ಕೆ ಮತ್ತೊಂದು.

ಅಪರ್ಣಾ ಕುರ್ಚಿ ಎಳೆದುಕೊಂಡು ಕೂತಳು.

“ಹೌದು,” ಎಂದಳು. “ನಾನೇ. ಏನು ಮಾಡ್ತೀರಾ ಈಗ?”

“ನನ್ನ ಮಗಳ ಹೆಸರಲ್ಲಿ, ಅಪರ್ಣಾ?” ವಿಶಾಲಾಕ್ಷಿಯ ಮಾತು ಪಿಸುಗುಟ್ಟಿದಂತಿತ್ತು. “ನೀನು ಅವಳಿಗೆ ಎಣ್ಣೆ ನೀರು ಹಾಕಿದೋಳು.”

“ನನ್ನ ಮಗನ ಹೆಸರು ನೀವು ಎಲ್ಲಿ ಹೇಳಿದ್ರಿ, ನೆನಪಿದೆಯಾ ಅತ್ತಿಗೆ? ಯುಗಾದಿ ದಿವಸ, ಕನ್ನಡ ಸಂಘದ ಸಭಾಂಗಣದಲ್ಲಿ, ಮೈಕ್ ಮುಂದೆ. ‘ಅಭಿನವ್ ಜೊತೇಲಿ ಹೋದಳು, ಅಭಿನವ್ ಒಬ್ಬನೇ ವಾಪಸ್ ಬಂದ. ನನ್ನ ಮಗಳನ್ನ ಕೊಂದಿದ್ದು ಅವನೇ’ ಅಂದ್ರಿ. ಎಲ್ಲರ ಮುಂದೆ. ಅವನು ಪ್ಲೇಟ್ ಹಿಡ್ಕೊಂಡು ನಿಂತಿದ್ದ.”

“ನಿಜಾನೇ ಹೇಳಿದೆ.”

“ಅವನು ಬಟ್ಟೆ ಬೂಟು ಸಮೇತ ನೀರಿಗೆ ಹಾರಿದ್ದ ಅವಳನ್ನ ಹಿಡಿಯೋಕೆ! ಉಪ್ಪುನೀರು ಕುಡಿದು ನಾಲ್ಕು ದಿನ ಆಸ್ಪತ್ರೇಲಿದ್ದ. ಈಗ ಬ್ರಿಸ್ಬೇನಲ್ಲಿ ಒಂದು ರೂಮ್ ಮಾಡ್ಕೊಂಡು ಕಿಟಕಿಗೆ ಬೆಡ್‌ಶೀಟ್ ಹೊಡೆದು ಕೂತಿದಾನೆ. ಓದು ಬಿಟ್ಟ. ಕೆಲಸ ಇಲ್ಲ. ನಾನು ಫೋನ್ ಮಾಡಿದರೆ ಎತ್ತಲ್ಲ.” ಅಪರ್ಣಾಳ ಕುತ್ತಿಗೆಯ ನರ ಉಬ್ಬಿತ್ತು. “ಅವನು ಬದುಕಿ ಬಂದ. ಅದೇ ತಪ್ಪು, ಅಲ್ವಾ?”

“ಹೌದು,” ಎಂದಳು ವಿಶಾಲಾಕ್ಷಿ. “ಅದೇ ತಪ್ಪು.”

ಅಪರ್ಣಾ ಕೆನ್ನೆಗೆ ಹೊಡೆಸಿಕೊಂಡವಳಂತೆ ಒಂದು ಕ್ಷಣ ಕಣ್ಣು ಮುಚ್ಚಿದಳು. ಆಮೇಲೆ ನಕ್ಕಳು.

“ಇದಕ್ಕೇ ಕಳಿಸಿದ್ದು. ಒಂದೊಂದು ಕವರ್ ಹೋದ ಮೇಲೂ ನಿಮ್ಮನೆಗೆ ಬಂದು ನಿಮ್ಮ ಮುಖ ನೋಡ್ಕೊಂಡು ಹೋಗ್ತಿದ್ದೆ. ನಂಗೆ ಅವತ್ತು ಚೆನ್ನಾಗಿ ನಿದ್ದೆ ಬರ್ತಿತ್ತು.”

ವಿಶಾಲಾಕ್ಷಿ ಮುಂದಕ್ಕೆ ಬಾಗಿದಳು. ಬನಶಂಕರಿ ಅವಳ ತೋಳನ್ನು ಹಿಡಿದು ನಿಲ್ಲಿಸಿದಳು.

“ಇನ್ನೊಂದೇ ಪ್ರಶ್ನೆ, ಅಪರ್ಣಾ ಅವರೇ. ಶರಣ್ಯಾ ಅವತ್ತು ಅಮ್ಮನಿಗೆ ಫೋನ್ ಮಾಡಿದ್ದಳು, ಇವರು ಎತ್ತಲಿಲ್ಲ ಅನ್ನೋದು ಪೊಲೀಸರಿಗೂ ಗೊತ್ತು. ಮನೇಲಿ ಡಾಕ್ಟರ ಐವತ್ತನೇ ಹುಟ್ಟುಹಬ್ಬ, ಗಲಾಟೇಲಿ ಕೇಳಿಸಲಿಲ್ಲ ಅಂತ ಇವರು ಎಲ್ಲರಿಗೂ ಹೇಳಿದ್ರು. ಆದರೆ ಕೇಳಿಸಿತ್ತು. ಹೆಸರು ನೋಡಿ ಫೋನ್ ಬೋರಲು ಹಾಕಿದ್ರು. ಅದನ್ನ ಯಾರ ಹತ್ತಿರಾನೂ ಬಾಯಿಬಿಟ್ಟಿಲ್ಲ ಅಂತ ಇವತ್ತು ಬೆಳಿಗ್ಗೆ ನನ್ನ ಹತ್ತಿರ ಮಾತ್ರ ಹೇಳಿದ್ರು. ನಿಮಗೆ ಹೇಗೆ ಗೊತ್ತಾಯ್ತು? ಅವತ್ತು ನೀವು ಎಲ್ಲಿ ಕೂತಿದ್ರಿ?”

“ಕೂತಿರಲಿಲ್ಲ. ಹಿತ್ತಲಲ್ಲಿ ಬಾರ್ಬೆಕ್ಯೂ ಒಲೆ ಹತ್ತಿರ ನಿಂತಿದ್ದೆ. ಊರವರಿಗೆಲ್ಲ ಪನೀರ್ ಸುಟ್ಟು ಕೊಡ್ತಿದ್ದೆ.” ಅಪರ್ಣಾ ಹುಬ್ಬುಗಂಟಿಕ್ಕಿದಳು. “ನಾನು ಹೇಗೆ ನೋಡಲಿ?”

“ಮತ್ತೆ ಅದನ್ನ ಹೇಗೆ ಬರೆದ್ರಿ?”

“ನಾನು ಬರೀಲಿಲ್ಲ. ನಾನು ಮಾಡಿದ್ದು ಕವರ್ ಮಾತ್ರ. ಒಳಗಿನ ಪೇಪರ್ ನಂಗೆ ಮಡಚಿಯೇ ಬರ್ತಿತ್ತು.”

“ಯಾರಿಂದ?”

ಅಪರ್ಣಾ ಉತ್ತರವನ್ನು ಬನಶಂಕರಿಗೆ ಕೊಡಲಿಲ್ಲ. ಅತ್ತಿಗೆಯ ಕಡೆ ತಿರುಗಿದಳು. ಈ ಹೊತ್ತಿಗಾಗಿಯೇ ಅವಳು ತಿಂಗಳುಗಟ್ಟಲೆ ಕಾದಿದ್ದಂತಿತ್ತು.

“ನೀವೇ ಹೇಳಿ ಅತ್ತಿಗೆ. ಫೋನ್ ಬಂದಾಗ ನಿಮ್ಮ ಪಕ್ಕದಲ್ಲಿ ಯಾರು ಕೂತಿದ್ರು?”

ವಿಶಾಲಾಕ್ಷಿಯ ತುಟಿ ಅಲುಗಿತು. “ಪಾಯಸ ಬಡಿಸಿ ಆಗಷ್ಟೇ ಕೂತಿದ್ದೆ. ಈ ಕಡೆ ಯಾರೂ ಇರಲಿಲ್ಲ, ಗೋಡೆ. ಆ ಕಡೆ…”

“ಅಣ್ಣ,” ಎಂದು ಅಪರ್ಣಾಳೇ ಮುಗಿಸಿದಳು. “ಅವನೇ ಬರೆದು ತಂದುಕೊಡ್ತಿದ್ದ. ನಿಮ್ಮನೆ ಪ್ರಿಂಟರಲ್ಲಿ ಮಾಡಿದರೆ ನೀವು ಕಂಡುಹಿಡೀತೀರಿ ಅಂತ ಕವರ್ ನನಗೆ ಬಿಟ್ಟ. ಅಡಿಲೇಡ್‌ಗೆ ಹೋದಾಗ ಅಲ್ಲಿಂದ, ಬ್ರಿಸ್ಬೇನ್‌ಗೆ ಹೋದಾಗ ಅಲ್ಲಿಂದ ಅವನೇ ಪೋಸ್ಟ್ ಮಾಡ್ತಿದ್ದ. ಸುಕ್ಕು ಬರ್ತಿದೆ ಅಂದಾಗ ‘ವಿಶಾಲೂನೇ ಕೇಳು, ಅವಳಿಗೆ ಚೆನ್ನಾಗಿ ಗೊತ್ತು’ ಅಂದಿದ್ದೂ ಅವನೇ.”

ಕಾನ್ಫರೆನ್ಸ್ ಯಾವ ಊರಿನಲ್ಲಿ ಎಂದು ಒಂದು ಮಾತು ಕೇಳಿದ್ದರೆ! ಬನಶಂಕರಿ ತನ್ನನ್ನೇ ಶಪಿಸಿಕೊಂಡಳು. ಎರಡು ಸಲ ಅವಳು ಡಾಕ್ಟರ್ ವೇಣುಗೋಪಾಲನನ್ನು ಭೇಟಿಯಾಗಿದ್ದಳು. ಹೃದ್ರೋಗ ತಜ್ಞ, ಮೆಲುದನಿಯ ಮನುಷ್ಯ. ಮಾತಿನ ನಡುವೆ ಹೆಂಡತಿಯ ಭುಜದ ಮೇಲೆ ಕೈಯಿಟ್ಟುಕೊಂಡೇ ಇದ್ದ.

“ಮೊದಲನೇ ಕವರ್ ಬಂದ ದಿನ,” ಎಂದಳು ವಿಶಾಲಾಕ್ಷಿ ನಿಧಾನವಾಗಿ, “ನನಗೆ ಓದೋಕೆ ಆಗಲಿಲ್ಲ. ಅವರೇ ಇಸ್ಕೊಂಡು ಜೋರಾಗಿ ಓದಿ ಹೇಳಿದ್ರು. ‘ಅಮ್ಮಾ, ನೀರು ತಣ್ಣಗಿತ್ತು.’ ಆಮೇಲೆ ನನ್ನ ತಬ್ಬಿಕೊಂಡು ಅತ್ತರು.”

ಅವಳು ಅಳುತ್ತಾಳೆಂದು ಬನಶಂಕರಿ ಕಾದಳು. ವಿಶಾಲಾಕ್ಷಿ ಅಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತಳು.

“ಒಂದು ಕವರ್ ಕೊಡಿ.”

“ಏನು ಮಾಡ್ತಿದೀರಿ?”

“ಕೊಡಿ ಅಂದೆ.”

ಬನಶಂಕರಿ ಕೊಟ್ಟಳು. ವಿಶಾಲಾಕ್ಷಿ ಟೈಪ್ ಮಾಡಿ, ಅಂಚಿಗೆ ಉಗುರೆಳೆದು, ಲಕೋಟೆಯನ್ನು ಸಂದಿಗೆ ಇಟ್ಟಳು. ಈ ಸಲ ಯಂತ್ರ ಎಲ್ಲಿಯೂ ತಡೆಯಲಿಲ್ಲ. ಕಳಿಸಿದವರ ಜಾಗದಲ್ಲಿ ಶರಣ್ಯಾ ಎಂದೇ ಇತ್ತು. ನಡುವೆ ಡಾಕ್ಟರ್ ವೇಣುಗೋಪಾಲ. ಅದರ ಕೆಳಗಿನ ವಿಳಾಸ ವಿಲೆಟನ್ನಿನದಲ್ಲ. ಗ್ಲೆನೆಲ್ಗ್‌ನದು. ಸಮುದ್ರಕ್ಕೆ ಮುಖ ಮಾಡಿದ ಬೀದಿ, ಅಪಾರ್ಟ್‌ಮೆಂಟ್ ನಂಬರಿನ ಸಮೇತ.

ಅಪರ್ಣಾ ಅದನ್ನು ಕಿತ್ತುಕೊಂಡು ಓದಿದಳು. “ಇದ್ಯಾರ ಮನೆ?”

“ನಿಮ್ಮಣ್ಣನ ಮನೆ. ಇನ್ನೊಂದು ಮನೆ.”

“ನಿಮಗೆ… ಯಾವಾಗಿಂದ ಗೊತ್ತು?”

“ಶರಣ್ಯಾ ಹೋಗೋ ಮೊದಲಿಂದ.” ವಿಶಾಲಾಕ್ಷಿ ಹಿಂದಿನ ಮುಚ್ಚಳವನ್ನು ಮುಚ್ಚಿದಳು. “ಅವತ್ತು ಅವಳು ಬೀಚಿಗೆ ಅಂತ ಹೋಗಿದ್ದಲ್ಲ, ಅಪರ್ಣಾ. ಆ ಮನೆ ಬಾಗಿಲು ತಟ್ಟೋಕೆ ಹೋಗಿದ್ದಳು. ಅಪ್ಪ ಪರ್ತಲ್ಲಿ ಕೇಕ್ ಕತ್ತರಿಸ್ತಿರ್ತಾರೆ, ಇವತ್ತೇ ಹೋಗು, ಅಲ್ಲಿ ಯಾರಿದಾರೆ ನೋಡ್ಕೊಂಡು ಬಾ ಅಂತ ಅಡ್ರೆಸ್ ಕೊಟ್ಟು ಕಳಿಸಿದ್ದು ನಾನು.”

ಅಪರ್ಣಾ ಲಕೋಟೆಯನ್ನು ಮೇಜಿನ ಮೇಲಿಟ್ಟಳು.

“ಫೋನ್ ಬಂದಾಗ ಗೊತ್ತಾಯ್ತು, ನೋಡಿಬಿಟ್ಟಿದಾಳೆ ಅಂತ. ಅಷ್ಟು ಜನರ ಮುಂದೆ, ಅವರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಏನಂತ ಕೇಳಲಿ? ಎಲ್ಲರೂ ಹೋದ ಮೇಲೆ ನಾನೇ ಮಾಡೋಣ ಅಂದ್ಕೊಂಡೆ.”

“ಅಭಿನವ್ ಕೂಡ ಹೋಗಿದ್ದನಾ ಆ ಮನೆಗೆ?” ಬನಶಂಕರಿ ಕೇಳಿದಳು.

“ಅವನೇ ಕಾರಲ್ಲಿ ಕರ್ಕೊಂಡು ಹೋಗಿದ್ದು.”

“ಅಂದರೆ ಬಾಗಿಲು ತೆಗೆದೋರು ಯಾರು ಅಂತ ನೋಡಿರೋನು ಈಗ ಉಳಿದಿರೋದು ಅವನೊಬ್ಬನೇ. ಡಾಕ್ಟರು ಇರೋದೂ ಈಗ ಬ್ರಿಸ್ಬೇನಲ್ಲೇ.”

ಅಪರ್ಣಾಗೆ ಅದು ತಲುಪಲು ಸ್ವಲ್ಪ ಹೊತ್ತು ಹಿಡಿಯಿತು. ತಲುಪಿದ ಕೂಡಲೇ ಫೋನಿಗೆ ಕೈ ಹಾಕಿದಳು. ಬೆರಳು ತಪ್ಪಿ ಎರಡು ಸಲ ಬೇರೆ ಯಾರಿಗೋ ಒತ್ತಿ ಕತ್ತರಿಸಿದಳು. ಮೂರನೆಯ ಸಲ ರಿಂಗಾಯಿತು. ಸ್ಪೀಕರಿಗೆ ಹಾಕುವಂತೆ ಬನಶಂಕರಿ ಸನ್ನೆ ಮಾಡಿದಳು.

ತಿಂಗಳುಗಟ್ಟಲೆ ಫೋನೆತ್ತದ ಮಗ ಮೊದಲ ರಿಂಗಿಗೇ ಎತ್ತಿದ.

“ಮಮ್, ಕಾಂಟ್ ಟಾಕ್ ನೌ.” ಉಸಿರು ಬಿಗಿಹಿಡಿದ ದನಿ. “ಮಾಮ ಈಸ್ ಹಿಯರ್.”

“ಯಾವ ಮಾಮ? ಅಭಿ, ಯಾವ ಮಾಮ? ಬಾಗಿಲು ತೆಗೆದು ಹೊರಗೆ ಹೋಗು, ಈಗ್ಲೇ…”

“ಹೀ ಲಾಕ್ಡ್ ಇಟ್, ಮಮ್.”

ಫೋನು ಒಂದು ಕೈಯಿಂದ ಇನ್ನೊಂದು ಕೈಗೆ ಹೋದ ಸದ್ದು. ಆಮೇಲೆ ಮೆಲ್ಲಗಿನ, ಬಹಳ ಪರಿಚಿತವಾದ ಒಂದು ದನಿ.

“ಅಪರ್ಣಾ, ಏನಮ್ಮ ಈ ಹೊತ್ತಲ್ಲಿ? ಎಲ್ಲಾ ಚೆನ್ನಾಗಿದೀರಾ?” ಒಂದು ಕ್ಷಣ ಬಿಟ್ಟು ಆ ದನಿ ಕೇಳಿತು, “ಪಕ್ಕದಲ್ಲಿ ವಿಶಾಲು ಉಸಿರಾಡ್ತಿರೋದು ಕೇಳಿಸ್ತಿದೆ. ಅವಳಿಗೆ ಫೋನ್ ಕೊಡು. ಈ ಸಲ ಬೋರಲು ಹಾಕಬೇಡ ಅಂತ ಹೇಳು.”